ಟೆಕ್ನಿಕಲ್ ರೈಟರ್‌ಗಳಿಗೆ ವೃತ್ತಿ ಸಂಘ ಯಾಕೆ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಹೊಸದಾಗಿ ಬಂದವರು ಸಿಕ್ಕಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. 2025ರ ನಂತರ ಕೇಳುವುದು ಇನ್ನೂ ಜಾಸ್ತಿಯಾಗಿದೆ. ಉತ್ತರಗಳನ್ನೆಲ್ಲ ಒಂದು ಕಡೆ ಸೇರಿಸಿದ್ದೇನೆ. ಮಾಹಿತಿಯ ಜೊತೆಗೆ ನನ್ನ ಅಭಿಪ್ರಾಯವೂ ಇದೆ.

ಟೆಕ್ನಿಕಲ್ ಕಮ್ಯುನಿಕೇಟರ್ ಅಂದರೆ ಯಾರು?

ಯೂಸರ್ ಗೈಡ್, ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿ) ಡಾಕ್ಯುಮೆಂಟೇಶನ್, ರಿಲೀಸ್ ನೋಟ್ಸ್, ಯಂತ್ರದ ಸರ್ವಿಸ್ ಮ್ಯಾನುಯಲ್, ಆ್ಯಪ್‌ನ ಸ್ಕ್ರೀನ್ ಮೇಲೆ ಬರುವ ಪುಟ್ಟ ಸೂಚನೆ, ಇವನ್ನೆಲ್ಲ ಬರೆಯುವವರು, ತಿದ್ದುವವರು, ಚಿತ್ರ ಬಿಡಿಸುವವರು, ಬೇರೆ ಭಾಷೆಗೆ ತರುವವರು. ಆಫೀಸಿನಲ್ಲಿ ಎಲ್ಲರೂ ಟೆಕ್ನಿಕಲ್ ರೈಟರ್ ಅಂತಲೇ ಕರೆಯುತ್ತಾರೆ. ಇಲ್ಲೂ ಹಾಗೇ ಬರೆಯುತ್ತೇನೆ.

ವೃತ್ತಿ ಸಂಘ ಅಂದರೆ ಯೂನಿಯನ್ನಾ?

ಅಲ್ಲ. ಸಂಬಳದ ಮಾತುಕತೆಗೆ ಅದು ನಿಮ್ಮ ಪರವಾಗಿ ಕೂರುವುದಿಲ್ಲ. ವಕೀಲರಿಗೆ ಬಾರ್ ಕೌನ್ಸಿಲ್ ಇದ್ದಂತೆಯೂ ಅಲ್ಲ. ಯಾವ ಸಂಘದ ಸದಸ್ಯತ್ವವೂ ಇಲ್ಲದೆ ನೀವು ಜೀವನವಿಡೀ ಟೆಕ್ನಿಕಲ್ ರೈಟರ್ ಆಗಿರಬಹುದು. ಅದಕ್ಕೇ ಜನ ‘ಹಾಗಾದರೆ ಯಾಕೆ ಬೇಕು’ ಅಂತ ಕೇಳುತ್ತಾರೆ. ಒಂದೇ ಕೆಲಸ ಮಾಡುವ ಜನ ಕಂಪನಿಯ ಗೋಡೆ ದಾಟಿ ಒಟ್ಟಿಗೆ ಕೂತು, ಒಳ್ಳೆಯ ಕೆಲಸ ಅಂದರೆ ಹೇಗಿರಬೇಕು ಅಂತ ತಾವೇ ಮಾತಾಡಿಕೊಳ್ಳುವ ಜಾಗ ಅದು. ಅಂಥ ಜಾಗ ನಮ್ಮ ಕೆಲಸದಲ್ಲಿ ಬಹಳ ಕಡಿಮೆ.

ಯಾವ ಯಾವ ಸಂಘಗಳಿವೆ?

ಎಲ್ಲಕ್ಕಿಂತ ಹೆಸರಾಗಿದ್ದದ್ದು ಅಮೆರಿಕದ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್, ಅಂದರೆ ಎಸ್‌ಟಿಸಿ. ಅದರ ಬೇರು 1953ರಲ್ಲಿದೆ. ಎರಡನೇ ಮಹಾಯುದ್ಧದ ನಂತರ ವಿಮಾನ, ರಾಡಾರ್, ಎಲೆಕ್ಟ್ರಾನಿಕ್ಸ್ ಎಲ್ಲ ಒಟ್ಟಿಗೆ ಬೆಳೆದವು. ಮ್ಯಾನುಯಲ್ ಬರೆಯುವುದೇ ಒಂದು ಪೂರ್ಣಾವಧಿ ಕೆಲಸವಾಯಿತು. ಅಲ್ಲಲ್ಲಿ ಹುಟ್ಟಿದ ಸಣ್ಣ ಸಂಘಗಳು ಒಂದಕ್ಕೊಂದು ಕೂಡಿಕೊಂಡವು. ಎಸ್‌ಟಿಸಿ ಅನ್ನುವ ಹೆಸರು ಬಂದದ್ದು 1971ರಲ್ಲಿ.

ಬ್ರಿಟನ್ನಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಸೈಂಟಿಫಿಕ್ ಅಂಡ್ ಟೆಕ್ನಿಕಲ್ ಕಮ್ಯುನಿಕೇಟರ್ಸ್, ಅಂದರೆ ಐಎಸ್‌ಟಿಸಿ ಇದೆ, 1972ರಿಂದ. ‘ಕಮ್ಯುನಿಕೇಟರ್’ ಅನ್ನುವ ಪತ್ರಿಕೆ ತರುತ್ತದೆ. ಜರ್ಮನಿಯ ಟೆಕಾಮ್ 1978ರದ್ದು. ಈಗ ಈ ಕ್ಷೇತ್ರದಲ್ಲಿ ದೊಡ್ಡದು ಅಂದರೆ ಇದೇ. ಇಂಜಿನಿಯರ್‌ಗಳ ಸಂಸ್ಥೆ ಐಟ್ರಿಪಲ್‌ಇ ಒಳಗೆ ಇದಕ್ಕೇ ಅಂತ ಒಂದು ಸೊಸೈಟಿ 1957ರಿಂದ ಇದೆ. ಕಂಪ್ಯೂಟರ್ ಸಂಸ್ಥೆ ಎಸಿಎಂನಲ್ಲಿ ಸಿಗ್‌ಡಾಕ್ ಅನ್ನುವ ಇಂಥದೇ ಗುಂಪು ಇದೆ. ಜಪಾನಿಗೂ ತನ್ನದೇ ಸಂಘವಿದೆ.

2013ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ‘ರೈಟ್ ದ ಡಾಕ್ಸ್’ ಶುರುವಾಯಿತು. ಇದು ಸಂಘವಲ್ಲ, ಸಮುದಾಯ. ಸದಸ್ಯತ್ವ ಶುಲ್ಕ ಇಲ್ಲ. ರೈಟರ್‌ಗಳ ಜೊತೆ ಡೆವಲಪರ್‌ಗಳೂ ಸಪೋರ್ಟ್‌ನವರೂ ಇರುತ್ತಾರೆ.

ಎಸ್‌ಟಿಸಿ ಮುಚ್ಚಿತಂತೆ, ನಿಜಾನಾ?

ನಿಜ. 2025ರ ಜನವರಿ ಕೊನೆಯಲ್ಲಿ ಬಾಗಿಲು ಮುಚ್ಚುವುದಾಗಿ ಹೇಳಿ ದಿವಾಳಿ ಅರ್ಜಿಗೆ ಹೋಯಿತು. ಸದಸ್ಯರು ಕಡಿಮೆಯಾಗುತ್ತಾ ಬಂದಿದ್ದರು, ವರ್ಷ ವರ್ಷ ನಷ್ಟ, ಮೇಲೆ ತೀರಿಸಲಾಗದ ಸಾಲ. ಎಪ್ಪತ್ತು ವರ್ಷ ದಾಟಿದ ಸಂಸ್ಥೆ.

ನಮಗೂ ಅದು ದೂರದ ಸುದ್ದಿಯಾಗಿರಲಿಲ್ಲ. ಎಸ್‌ಟಿಸಿಯ ಇಂಡಿಯಾ ಶಾಖೆ ಬೆಂಗಳೂರು, ಪುಣೆ, ಹೈದರಾಬಾದ್‌ಗಳಲ್ಲಿ ವರ್ಷಗಟ್ಟಲೆ ಸಮ್ಮೇಳನ ನಡೆಸಿದೆ. ಇವತ್ತು ಬೆಂಗಳೂರಿನಲ್ಲಿ ಡಾಕ್ಯುಮೆಂಟೇಶನ್ ಮ್ಯಾನೇಜರ್ ಆಗಿರುವ ಎಷ್ಟೋ ಮಂದಿ ಮೊದಲ ಸಲ ಮೈಕ್ ಹಿಡಿದದ್ದು ಅಲ್ಲೇ. ಬೇರೆ ಕಂಪನಿಯವರು ಹೇಗೆ ಕೆಲಸ ಮಾಡುತ್ತಾರೆ ಅಂತ ಕಣ್ಣಾರೆ ಕಂಡದ್ದೂ ಅಲ್ಲೇ.

ಅಷ್ಟು ದೊಡ್ಡದೇ ಮುಚ್ಚಿಹೋದ ಮೇಲೆ ಸಂಘದ ಮಾತು ಇನ್ನೂ ಯಾಕೆ?

ಅದು ಬದುಕಿದ್ದಾಗ ಏನು ಮಾಡಿತು ನೋಡಿ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ನೂರಾರು ಉದ್ಯೋಗಗಳ ಬಗ್ಗೆ ಒಂದು ಕೈಪಿಡಿ ತರುತ್ತದೆ. ಅದರಲ್ಲಿ ಟೆಕ್ನಿಕಲ್ ರೈಟರ್‌ಗಳನ್ನು ಲೇಖಕರು, ಸಂಪಾದಕರ ಗುಂಪಿನಲ್ಲೇ ಸೇರಿಸಿಬಿಟ್ಟಿದ್ದರು. ಎಸ್‌ಟಿಸಿ ಬೆನ್ನುಹತ್ತಿ ಓಡಾಡಿತು. 2010–11ರ ಆವೃತ್ತಿಯಲ್ಲಿ ಟೆಕ್ನಿಕಲ್ ರೈಟರ್‌ಗೆ ಬೇರೆಯದೇ ಜಾಗ ಸಿಕ್ಕಿತು. ಇದು ಬರೀ ಹೆಸರಿನ ವಿಷಯ ಅಲ್ಲ. ಎಷ್ಟು ಮಂದಿ ಇದ್ದಾರೆ, ಎಷ್ಟು ಸಂಬಳ, ಬೇಡಿಕೆ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವ ಲೆಕ್ಕ ಆ ಕೈಪಿಡಿಯಲ್ಲಿ ಬೇರೆಯಾಗಿ ಒಂದೇ ಕಡೆ ಸಿಗತೊಡಗಿತು. ಕಾಲೇಜಿನವರು ಕೋರ್ಸ್ ತೆರೆಯುವಾಗ, ಮ್ಯಾನೇಜರ್ ಸಂಬಳದ ಪಟ್ಟಿ ಮಾಡುವಾಗ ಕೈಗೆ ಸಿಗುವುದು ಇಂಥ ಲೆಕ್ಕವೇ.

ಹೀಗೆ ಓಡಾಡುವ ಕೆಲಸ ಒಬ್ಬ ರೈಟರ್ ಕೈಲಿ ಆಗುವುದಿಲ್ಲ, ಒಂದು ಕಂಪನಿಗೆ ಅದು ಬೇಕಾಗಿಯೂ ಇಲ್ಲ. ಮಾನಕಗಳ (ಸ್ಟ್ಯಾಂಡರ್ಡ್‌ಗಳ) ಕಥೆಯೂ ಅಷ್ಟೇ. ಒಂದು ಸಾಧನದ ಬಗ್ಗೆ ಬರೆದ ಮಾಹಿತಿಯಲ್ಲಿ ಬೇಕಾದ ಚೂರನ್ನಷ್ಟೇ ಕಂಪ್ಯೂಟರ್ ಹುಡುಕಿ ಕೊಡುವಂತೆ ಗುರುತು ಹಾಕುವ ಐಐಆರ್‌ಡಿಎಸ್ ಮಾನಕ ಟೆಕಾಮ್‌ನಲ್ಲಿ ಹುಟ್ಟಿತು. ಮೊದಲ ಆವೃತ್ತಿ 2018ರಲ್ಲಿ ಬಂತು.

ಎಸ್‌ಟಿಸಿ ಹೋದದ್ದಕ್ಕೆ ನನಗೆ ನಿಜವಾಗಿ ಬೇಸರವಿದೆ. ಆದರೆ ಅದು ಮಾಡುತ್ತಿದ್ದ ಕೆಲಸ ಬೇಡವಾಯಿತು ಅಂತ ಇದರಿಂದ ಅರ್ಥ ಮಾಡಿಕೊಳ್ಳಬೇಡಿ.

ಅದೆಲ್ಲ ಸರಿ. ನನಗೆ ಏನು ಸಿಗುತ್ತೆ?

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ನಿಮ್ಮ ಬರಹವನ್ನು ಇನ್ನೊಬ್ಬ ರೈಟರ್ ಓದಿ ಹೇಳುವುದು. ಆಫೀಸಿನಲ್ಲಿ ರಿವ್ಯೂ ಮಾಡುವವರು ಯಾರು? ಡೆವಲಪರ್, ಟೆಸ್ಟರ್, ಪ್ರಾಡಕ್ಟ್ ಮ್ಯಾನೇಜರ್. ಅವರು ತಾಂತ್ರಿಕ ತಪ್ಪು ಹಿಡಿಯುತ್ತಾರೆ. ಓದುವವನು ಎಲ್ಲಿ ಎಡವುತ್ತಾನೆ ಅನ್ನುವುದು ಅವರ ಕಣ್ಣಿಗೆ ಬೀಳುವುದು ಕಷ್ಟ. ಅವರಿಗೆ ಆ ವಿಷಯ ಮೊದಲೇ ಗೊತ್ತು.

ಒಂದು ಉದಾಹರಣೆ ಕೊಡುತ್ತೇನೆ. ಯುಪಿಎಸ್ ಬ್ಯಾಟರಿ ಬದಲಿಸುವ ಸೂಚನೆ ಅಂದುಕೊಳ್ಳಿ.

‘5. ಹಿಂಬದಿಯ ಕವರ್ ತೆಗೆಯಿರಿ.
6. ಬ್ಯಾಟರಿಯ ವೈರ್‌ಗಳನ್ನು ಬಿಚ್ಚಿ.
ಗಮನಿಸಿ: ಕವರ್ ತೆಗೆಯುವ ಮುನ್ನ ಮೇನ್ ಸ್ವಿಚ್ ಆರಿಸಿರಬೇಕು.’

ಇದರಲ್ಲಿ ತಾಂತ್ರಿಕ ತಪ್ಪು ಒಂದೂ ಇಲ್ಲ. ಇಂಜಿನಿಯರ್ ‘ಓಕೆ’ ಹಾಕಿ ಕಳಿಸುತ್ತಾರೆ. ಬರೀ ಸಾಫ್ಟ್‌ವೇರ್ ಡಾಕ್ಯುಮೆಂಟೇಶನ್ ಬರೆದವರಿಗೂ ಏನೂ ಅನ್ನಿಸದೆ ಇರಬಹುದು. ಪೀಣ್ಯದ ಕಾರ್ಖಾನೆಗಳ ಯಂತ್ರಗಳಿಗೆ ಮ್ಯಾನುಯಲ್ ಬರೆಯುವವರ ಮುಂದೆ ಇಡಿ. ತಕ್ಷಣ ಬೆರಳು ಇಡುತ್ತಾರೆ: ಜನ ಸೂಚನೆಯನ್ನು ಪೂರ್ತಿ ಓದಿ ಆಮೇಲೆ ಕೆಲಸ ಶುರು ಮಾಡುವುದಿಲ್ಲ. ಒಂದು ಸಾಲು ಓದುತ್ತಾರೆ, ಮಾಡುತ್ತಾರೆ, ಮುಂದಿನ ಸಾಲಿಗೆ ಬರುತ್ತಾರೆ. ಎಚ್ಚರಿಕೆ ಕಣ್ಣಿಗೆ ಬೀಳುವ ಹೊತ್ತಿಗೆ ಕೈ ಒಳಗಿರುತ್ತದೆ. ಅದು 5ನೇ ಹೆಜ್ಜೆಗಿಂತ ಮೇಲೆ ಬರಬೇಕು. ‘ಗಮನಿಸಿ’ ಅನ್ನುವ ತಲೆಬರಹವೂ ಸಾಲದು. ಅಮೆರಿಕದ ಆನ್ಸಿ ಝಡ್535 ಮಾನಕದಲ್ಲಿ ಇದಕ್ಕೆ ಮೆಟ್ಟಿಲುಗಳಿವೆ. ಜೀವ ಹೋಗುವುದೋ ತೀವ್ರ ಗಾಯವಾಗುವುದೋ ಖಚಿತ ಇದ್ದರೆ ‘ಡೇಂಜರ್’. ಹಾಗಾಗುವ ಸಾಧ್ಯತೆ ಇದ್ದರೆ ‘ವಾರ್ನಿಂಗ್’. ಸಣ್ಣಪುಟ್ಟ ಗಾಯವಾದರೆ ‘ಕಾಷನ್’. ಬರೀ ವಸ್ತು ಹಾಳಾಗುವುದಾದರೆ ‘ನೋಟಿಸ್’.

ಇದನ್ನು ಪುಸ್ತಕದಲ್ಲೂ ಓದಬಹುದು, ಅಲ್ವಾ? ಓದಬಹುದು. ಆದರೆ ನಿಮ್ಮದೇ ವಾಕ್ಯದ ಮೇಲೆ ಒಬ್ಬರು ಬೆರಳಿಟ್ಟು ತೋರಿಸಿದರೆ ಅದು ಮರೆಯುವುದಿಲ್ಲ. ಬೇರೆ ಬೇರೆ ಉದ್ಯಮದ ರೈಟರ್‌ಗಳು ಒಂದೇ ಕೋಣೆಯಲ್ಲಿ ಕೂರುವುದು ಸಂಘದಲ್ಲಿ ಮಾತ್ರ.

ನಮ್ಮ ಆಫೀಸಿನಲ್ಲಿ ನಾನೊಬ್ಬಳೇ ರೈಟರ್. ನನಗೂ ಉಪಯೋಗವಿದೆಯಾ?

ನಿಮಗೇ ಎಲ್ಲರಿಗಿಂತ ಜಾಸ್ತಿ. ಸ್ಟಾರ್ಟಪ್‌ಗಳಲ್ಲಿ ನಲವತ್ತು ಐವತ್ತು ಇಂಜಿನಿಯರ್‌ಗಳ ನಡುವೆ ಒಬ್ಬರೇ ರೈಟರ್ ಇರುವುದು ಸಾಮಾನ್ಯ. ಯಾವ ಟೂಲ್ ತೆಗೆದುಕೊಳ್ಳಬೇಕು, ಸ್ಟೈಲ್ ಗೈಡ್ (ಬರಹದ ನಿಯಮಗಳ ಪಟ್ಟಿ) ಎಲ್ಲಿಂದ ಶುರು ಮಾಡಬೇಕು, ಸ್ಪ್ರಿಂಟ್ (ಕೆಲವು ವಾರಗಳ ಕೆಲಸದ ಸುತ್ತು) ಮುಗಿಯುವ ದಿನ ಸಂಜೆ ಬಂದು ‘ಇದಕ್ಕೂ ಡಾಕ್ಸ್ ಬೇಕು’ ಅಂದರೆ ಏನು ಹೇಳಬೇಕು? ಇದನ್ನೆಲ್ಲ ಕೇಳಲು ಪಕ್ಕದ ಸೀಟಿನಲ್ಲಿ ಯಾರೂ ಇಲ್ಲ. ನಿಮ್ಮ ಮ್ಯಾನೇಜರ್‌ಗೂ ಗೊತ್ತಿರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ರೈಟ್ ದ ಡಾಕ್ಸ್‌ನ ಸ್ಲ್ಯಾಕ್ ಚಾಟ್ ಗುಂಪಿಗೆ ಸೇರಿ. ದುಡ್ಡು ಬೇಡ. ಒಬ್ಬರೇ ಇರುವ ರೈಟರ್‌ಗಳು ಅಲ್ಲಿ ಬೇಕಾದಷ್ಟು ಜನ ಇದ್ದಾರೆ.

ಸೇರಿದರೆ ಕೆಲಸ ಸಿಗುತ್ತಾ?

ಸೇರಿದ್ದಕ್ಕೆ ಯಾರೂ ಕೆಲಸ ಕೊಡುವುದಿಲ್ಲ. ಮೊದಲ ಸಲ ಮೀಟಪ್‌ಗೆ ಬಂದು ಎಲ್ಲರಿಗೂ ರೆಸ್ಯೂಮೆ ಹಂಚುವವರನ್ನು ಜನ ನೆನಪಿಟ್ಟುಕೊಳ್ಳುವುದೂ ಇಲ್ಲ. ಆದರೆ ಹತ್ತು ನಿಮಿಷ ಒಂದು ವಿಷಯವನ್ನು ಎಲ್ಲರಿಗೂ ತಿಳಿಯುವಂತೆ ಹೇಳಿದಿರಿ ಅಂದುಕೊಳ್ಳಿ. ಎದುರಿಗೆ ಕೂತ ಹೈರಿಂಗ್ ಮ್ಯಾನೇಜರ್ ನೋಡಬೇಕಾದದ್ದನ್ನು ನೋಡಿಯಾಯಿತು. ನಮ್ಮ ಕೆಲಸವೇ ತಿಳಿಯುವಂತೆ ಹೇಳುವುದು, ಅಲ್ವಾ? ಪೋಸ್ಟ್ ಖಾಲಿಯಾದಾಗ ಅವರಿಗೆ ನೆನಪಾಗುವುದು ಆ ಮುಖವೇ.

ಮಗು, ಮನೆ, ಆರೋಗ್ಯ ಅಂತ ಕೆಲಸ ಬಿಟ್ಟು ಮತ್ತೆ ಬರುತ್ತಿರುವವರಿಗೆ ಒಂದು ಮಾತು. ಮಧ್ಯದ ಖಾಲಿ ವರ್ಷಗಳ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ‘ಗುಡ್ ಡಾಕ್ಸ್ ಪ್ರಾಜೆಕ್ಟ್’ ಅಂತ ಒಂದು ತಂಡವಿದೆ. ಡಾಕ್ಯುಮೆಂಟೇಶನ್‌ಗೆ ಟೆಂಪ್ಲೇಟ್‌ಗಳನ್ನು ಮಾಡಿ ಎಲ್ಲರಿಗೂ ಬಿಟ್ಟಿಯಾಗಿ ಕೊಡುತ್ತದೆ. ಅಂಥ ಕಡೆ ಕೆಲವು ತಿಂಗಳು ಕೆಲಸ ಮಾಡಿ. ಬೇರೆ ರೈಟರ್‌ಗಳ ಜೊತೆ ಗಿಟ್‌ನಲ್ಲಿ (ಫೈಲಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಟೂಲ್) ಮಾಡಿದ ಕೆಲಸ ಯಾರು ಬೇಕಾದರೂ ತೆರೆದು ನೋಡುವಂತೆ ಇರುತ್ತದೆ. ಇಂಟರ್‌ವ್ಯೂನಲ್ಲಿ ತೋರಿಸಲು ಅದೇ ಸಾಕು.

ಸರ್ಟಿಫಿಕೇಟ್ ಮಾಡಿಕೊಳ್ಳಲಾ?

ಅವಸರ ಬೇಡ. ಎಸ್‌ಟಿಸಿಯ ಸಿಪಿಟಿಸಿ ಅನ್ನುವ ಪರೀಕ್ಷೆಗೆ ಎಷ್ಟೋ ಜನ ದುಡ್ಡು ಕಟ್ಟಿ ಓದಿ ಪಾಸಾಗಿದ್ದರು. ಈಗ ಅದನ್ನು ಕೊಟ್ಟ ಎಸ್‌ಟಿಸಿಯೇ ಇಲ್ಲ. ಅವರು ಕಲಿತದ್ದು ಎಲ್ಲೂ ಹೋಗಿಲ್ಲ, ನಿಜ. ಆದರೆ ಬರೀ ಕಾಗದಕ್ಕೋಸ್ಕರ ಕಟ್ಟುವುದಾದರೆ ಯೋಚಿಸಿ. ಬೆಂಗಳೂರಿನ ಇಂಟರ್‌ವ್ಯೂಗಳಲ್ಲಿ ಮೊದಲು ಕೇಳುವುದು ಬರಹದ ಸ್ಯಾಂಪಲ್. ಜರ್ಮನ್ ಕಂಪನಿಯ ತಂಡದಲ್ಲಿದ್ದು ಅಲ್ಲಿಗೇ ಹೋಗುವ ಆಸೆಯಿದ್ದರೆ ಟೆಕಾಮ್‌ನ ಸರ್ಟಿಫಿಕೇಟ್ ಬಗ್ಗೆ ವಿಚಾರಿಸಬಹುದು.

ದುಡ್ಡು ಕೊಟ್ಟು ವಿದೇಶಿ ಸಂಘಕ್ಕೆ ಸೇರಬೇಕಾ?

ನೀವು ಬರೆಯುವುದು ಏನು ಅನ್ನುವುದರ ಮೇಲೆ ಹೋಗುತ್ತದೆ. ಯುರೋಪಿಗೆ ಹೋಗುವ ಯಂತ್ರಗಳಿಗೆ ಬರೆಯುವವರಿಗೆ ಟೆಕಾಮ್ ಅಥವಾ ಐಎಸ್‌ಟಿಸಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಅಲ್ಲಿ ಮ್ಯಾನುಯಲ್ ಅನ್ನುವುದು ಕಾನೂನಿನ ವಿಷಯ. ಸೂಚನೆ ಸರಿಯಿಲ್ಲದ ಯಂತ್ರವನ್ನು ಮಾರುವಂತೆಯೇ ಇಲ್ಲ. ಹೊಸ ಯಂತ್ರ ನಿಯಮ, 2023ರ 1230ನೇ ಸಂಖ್ಯೆಯದು, 2027ರ ಜನವರಿ 20ರಿಂದ ಜಾರಿಗೆ ಬರುವಂತೆ ಮಾಡಿದ್ದಾರೆ. ಸೂಚನೆಗಳನ್ನು ಡಿಜಿಟಲ್ ರೂಪದಲ್ಲಿ ಕೊಡಲು ಅದರಲ್ಲಿ ಅವಕಾಶವಿದೆ. ಕೊಳ್ಳುವವರು ಕೊಳ್ಳುವಾಗ ಕೇಳಿದರೆ ಕಾಗದದ ಪ್ರತಿಯನ್ನೂ ಕೊಡಬೇಕು. ಇಂಥ ಬದಲಾವಣೆಯನ್ನು ಕಾನೂನಿನ ಭಾಷೆಯಲ್ಲಿ ಓದಿ ಅರ್ಥ ಮಾಡಿಕೊಳ್ಳುವುದಕ್ಕಿಂತ, ಅದನ್ನೇ ಹಿಂಬಾಲಿಸುತ್ತಿರುವ ಸಂಘದ ಪತ್ರಿಕೆಯಲ್ಲಿ ಓದುವುದು ಸುಲಭ.

ನೀವು ಕ್ಲೌಡ್ ಸಾಫ್ಟ್‌ವೇರ್‌ಗೆ ಎಪಿಐ ಡಾಕ್ಸ್ ಬರೆಯುವವರಾದರೆ ದುಡ್ಡು ಉಳಿಸಿ. ಬಿಟ್ಟಿಯಾಗಿ ಸಿಗುವುದೇ ನಿಮಗೆ ಬೇಕಾದಷ್ಟಿದೆ.

ಬೆಂಗಳೂರಿನಲ್ಲಿ ಏನಿದೆ? ಮೈಸೂರು, ಹುಬ್ಬಳ್ಳಿಯವರು ಏನು ಮಾಡಬೇಕು?

ರೈಟ್ ದ ಡಾಕ್ಸ್‌ನ ಭಾರತದ ಮೀಟಪ್‌ಗಳಿಗೆ ಬೆಂಗಳೂರಿನಲ್ಲಿ ಒಳ್ಳೆಯ ನೆಲೆಯಿದೆ. ಟೆಕಾಮ್‌ನವರ ಟಿಸಿವರ್ಲ್ಡ್ ಇಂಡಿಯಾ ಸಮ್ಮೇಳನವೂ ಇಲ್ಲಿ ನಡೆದಿದೆ. ಮೀಟಪ್ ಸಾಮಾನ್ಯವಾಗಿ ಶನಿವಾರ, ಯಾವುದಾದರೂ ಕಂಪನಿಯ ಆಫೀಸಿನಲ್ಲಿ. ವೈಟ್‌ಫೀಲ್ಡ್‌ನಲ್ಲಿ ಇಟ್ಟರೆ ರಾಜರಾಜೇಶ್ವರಿ ನಗರದವರು ಬರುವುದು ಕಷ್ಟ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಆನ್‌ಲೈನ್ ಮೀಟಪ್‌ಗಳೂ ನಡೆಯುತ್ತವೆ. ಮೈಸೂರು, ಮಂಗಳೂರು, ಹುಬ್ಬಳ್ಳಿಯಿಂದ ಮನೆಯಲ್ಲೇ ಕೂತು ಕೆಲಸ ಮಾಡುವವರು ಅವಕ್ಕೆ ಸೇರಬಹುದು. ಒಂದು ಸಲವಾದರೂ ಎದುರಾಬದುರು ಕೂರುವ ಮೀಟಪ್‌ಗೂ ಬನ್ನಿ. ರೈಲಿನ ಖರ್ಚಿಗೆ ಮೋಸವಿಲ್ಲ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷಿನಲ್ಲಿ ಮಾತಾಡಲು ಮುಜುಗರ. ಸೇರಿಸಿಕೊಳ್ಳುತ್ತಾರಾ?

ಖಂಡಿತ. ಈ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಬೇರೆ ಥರದ್ದು ಅನ್ನುವುದು ಮೊದಲು ಮನಸ್ಸಿಗೆ ಬರಲಿ. ವಿಮಾನಗಳ ನಿರ್ವಹಣೆಯ ಮ್ಯಾನುಯಲ್‌ಗಳಿಗೆ ‘ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್’ ಅನ್ನುವ ಮಾನಕವಿದೆ. ಯುರೋಪಿನ ವಿಮಾನ ಉದ್ಯಮ 1980ರ ದಶಕದಲ್ಲಿ ಹೊರತಂದದ್ದು. ಅದರ ನಿಘಂಟಿನಲ್ಲಿ ಒಪ್ಪಿಗೆಯಾದ ಸಾಮಾನ್ಯ ಪದಗಳು ಸುಮಾರು 900. ಸೂಚನೆಯ ವಾಕ್ಯದಲ್ಲಿ 20 ಪದ ದಾಟುವಂತಿಲ್ಲ. ಯಾಕೆ ಗೊತ್ತಾ? ಓದುವ ಮೆಕ್ಯಾನಿಕ್‌ಗೆ ಇಂಗ್ಲಿಷ್ ಮನೆಮಾತಲ್ಲ. ಬೆಂಗಳೂರಿನ ವಿಮಾನ ಉದ್ಯಮದ ರೈಟರ್‌ಗಳಿಗೆ ಇದು ದಿನದ ಬಳಕೆಯ ಮಾನಕ. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿತವರಿಗೆ ಓದುಗ ಎಲ್ಲಿ ತೊಡರುತ್ತಾನೆ ಅಂತ ಸ್ವಂತ ಅನುಭವದಿಂದ ಗೊತ್ತಿರುತ್ತದೆ. ಬೆಂಗಳೂರಿನ ಮೀಟಪ್ ಮುಗಿದ ಮೇಲೆ ಕಾಫಿ ಹೊತ್ತಿಗೆ ಅರ್ಧ ಜನ ಕನ್ನಡಕ್ಕೆ ಬಂದಿರುತ್ತಾರೆ, ಅದೂ ಸಂತೋಷದ ವಿಷಯ.

ಕಂಪನಿಯ ಗುಟ್ಟು ಹೊರಗೆ ಹೋಗುವುದಿಲ್ವಾ?

ಹೋಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಈಗಾಗಲೇ ಎಲ್ಲರಿಗೂ ಸಿಗುವಂತೆ ಪ್ರಕಟವಾದ ಪುಟವನ್ನೇ ರಿವ್ಯೂಗೆ ತನ್ನಿ, ಇಲ್ಲವೇ ಓಪನ್ ಸೋರ್ಸ್ ಡಾಕ್ಯುಮೆಂಟೇಶನ್ ತನ್ನಿ. ರಿಲೀಸ್ ಆಗದ ಪ್ರಾಡಕ್ಟಿನ ಸ್ಕ್ರೀನ್‌ಶಾಟ್ ಬೇಡವೇ ಬೇಡ. ಎಸ್‌ಟಿಸಿ 1998ರಲ್ಲಿ ಒಪ್ಪಿಕೊಂಡ ನೀತಿ ಸೂತ್ರಗಳು ಆರು. ಕಾನೂನು ಪಾಲನೆ, ಪ್ರಾಮಾಣಿಕತೆ, ಗೋಪ್ಯತೆ, ಗುಣಮಟ್ಟ, ನ್ಯಾಯ, ವೃತ್ತಿಪರತೆ. ಸಂಸ್ಥೆ ಹೋದರೂ ಇವನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಎಐ ಬಂದ ಮೇಲೆ ಇದೆಲ್ಲ ಬೇಕಾ?

ಈಗ ಇನ್ನೂ ಬೇಕು. ಎಐ ಕೈಲಿ ಇನ್‌ಸ್ಟಾಲ್ ಮಾಡುವ ಹೆಜ್ಜೆಗಳನ್ನು ಬರೆಸಿದರೆ ಓದಲು ಚೆಂದವಾಗಿಯೇ ಬರುತ್ತದೆ. ಮಧ್ಯೆ ಇಲ್ಲದ ಒಂದು ಬಟನ್ನೂ ಸೇರಿಕೊಂಡಿರಬಹುದು. ಹೆಜ್ಜೆಗಳನ್ನು ನಿಜವಾಗಿ ಮಾಡಿ ನೋಡಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ. ಯಾವುದಕ್ಕೆ ಎಐ ಸರಿ, ಎಲ್ಲಿ ಕೈಕೊಡುತ್ತದೆ, ರಿವ್ಯೂ ಹೇಗೆ ಮಾಡಬೇಕು ಅನ್ನುವುದನ್ನು ಪ್ರತಿ ತಂಡವೂ ಒಂಟಿಯಾಗಿ ಕಂಡುಕೊಳ್ಳಲು ಹೊರಟರೆ ವರ್ಷಗಳು ಬೇಕು. ಟೂಲ್ ಮಾರುವವರ ಡೆಮೊದಲ್ಲಿ ಇದು ಸಿಗುವುದಿಲ್ಲ. ‘ಒಬ್ಬ ರೈಟರ್ ಸಾಕಲ್ವಾ ಇನ್ನು’ ಅಂತ ಮೇಲಿನವರು ಕೇಳಿದಾಗ ಏನು ಉತ್ತರ ಕೊಟ್ಟೆ ಅಂತ ಇನ್ನೊಂದು ಕಂಪನಿಯ ಮ್ಯಾನೇಜರ್ ಹೇಳುವುದನ್ನು ಕೇಳಿಸಿಕೊಳ್ಳುವುದು ಈಗ ಬಹಳ ಬೆಲೆಯುಳ್ಳ ಮಾತು.

ಕನ್ನಡದಲ್ಲಿ ಬರೆಯುವವರಿಗೂ ಸಂಘ ಬೇಕಾ?

ನನಗೆ ಎಲ್ಲಕ್ಕಿಂತ ಕಾಳಜಿ ಇರುವ ಪ್ರಶ್ನೆ ಇದು. ಕೀಟನಾಶಕದ ಡಬ್ಬಿಯ ಜೊತೆ ಮಡಚಿದ ಚೀಟಿ ಬರುತ್ತದಲ್ಲ, ಅದನ್ನು ಬಿಡಿಸಿ ನೋಡಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಅದು ಹಿಂದಿ, ಇಂಗ್ಲಿಷ್ ಜೊತೆಗೆ ಆಯಾ ಪ್ರದೇಶದ ಭಾಷೆಯಲ್ಲೂ ಇರಬೇಕು. ಇರುತ್ತದೆ. ಆದರೆ ಅಕ್ಷರ ಎಷ್ಟು ಸಣ್ಣದು! ಹಲವು ಭಾಷೆಗಳನ್ನು ಒಂದೇ ಹಾಳೆಗೆ ತುರುಕಿರುತ್ತಾರೆ. ಎಷ್ಟು ಮಿಲಿ ಔಷಧಿಗೆ ಎಷ್ಟು ಲೀಟರ್ ನೀರು ಅನ್ನುವುದನ್ನು ಹುಡುಕಲು ಭೂತಗನ್ನಡಿ ಬೇಕು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತು ವಿಷದ ತೀವ್ರತೆಯನ್ನು ಹೇಳುತ್ತದೆ, ಕೆಂಪು ಎಲ್ಲಕ್ಕಿಂತ ಅಪಾಯ. ಇದನ್ನು ಸಿಂಪಡಿಸುವವರಿಗೆ ಯಾರು ಹೇಳಬೇಕು? ಹೊಲದಲ್ಲಿ ನಿಂತು ಓದುವವರನ್ನು ಕಣ್ಣ ಮುಂದೆ ಇಟ್ಟುಕೊಂಡು ಆ ಚೀಟಿಯನ್ನು ಬರೆಯುವುದೂ ತಾಂತ್ರಿಕ ಬರಹವೇ. ಅದು ನಮ್ಮ ಸಮ್ಮೇಳನಗಳಲ್ಲಿ ಚರ್ಚೆಗೆ ಬರುವುದು ತೀರಾ ಕಡಿಮೆ.

ಕಾನೂನೂ ಈಗ ಬೆನ್ನಿಗಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 84ನೇ ಕಲಂ ಪ್ರಕಾರ, ಸರಿಯಾದ ಬಳಕೆಯ ಸೂಚನೆಯೋ ಎಚ್ಚರಿಕೆಯೋ ಸಾಕಷ್ಟು ಇಲ್ಲದೆ ಗ್ರಾಹಕರಿಗೆ ಹಾನಿಯಾದರೆ ತಯಾರಕರು ಹೊಣೆ. ಸಾಫ್ಟ್‌ವೇರ್ ಕಡೆ ಸ್ವಲ್ಪ ಕೆಲಸವಾಗಿದೆ. ಸ್ಕ್ರೀನ್ ಮೇಲೆ ಪದೇ ಪದೇ ಬರುವ ಪದಗಳಿಗೆ ಭಾರತೀಯ ಭಾಷೆಗಳಲ್ಲಿ ಒಂದೇ ಬಗೆಯ ರೂಪ ತರಲು ‘ಫ್ಯೂಯಲ್’ ಅನ್ನುವ ಯೋಜನೆ ನಡೆದಿತ್ತು. ಕನ್ನಡವೂ ಅದರಲ್ಲಿತ್ತು. ಕನ್ನಡ ಗಣಕ ಪರಿಷತ್ತು ‘ನುಡಿ’ ಕೊಟ್ಟಿತು. ಆದರೆ ಕನ್ನಡದಲ್ಲಿ ಮ್ಯಾನುಯಲ್, ಚೀಟಿ, ಆ್ಯಪ್ ಬರೆಯುವವರು ಇವತ್ತಿಗೂ ಹೆಚ್ಚಾಗಿ ಏಜೆನ್ಸಿಗಳ ಮೂಲಕ ಪದಕ್ಕಿಷ್ಟು ಅಂತ ದುಡಿಯುವವರು. ಒಬ್ಬರಿಗೊಬ್ಬರ ಪರಿಚಯವಿಲ್ಲ. ಅವರು ಸೇರುವ ಒಂದು ಕೂಟ ಆದರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಹಾಗಾದರೆ ನಾವೇ ಒಂದು ಸಂಘ ಕಟ್ಟಬಹುದಾ?

ಕಟ್ಟಬಹುದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಇದ್ದರೆ ಸಾಕು. ಉದ್ದೇಶಗಳನ್ನು ಬರೆದ ಪತ್ರ, ಬೈಲಾ, ಪದಾಧಿಕಾರಿಗಳ ಪಟ್ಟಿ ಕೊಡಬೇಕು. ಆಮೇಲೆ ವರ್ಷ ವರ್ಷ ಸಾಮಾನ್ಯ ಸಭೆ ಕರೆದು, ಲೆಕ್ಕಪತ್ರ ಒಪ್ಪಿಸುತ್ತಿರಬೇಕು.

ಆದರೆ ನೋಂದಣಿಯಿಂದ ಶುರು ಮಾಡಬೇಡಿ. ಅಧ್ಯಕ್ಷ, ಕಾರ್ಯದರ್ಶಿ ಯಾರು ಅನ್ನುವುದರಲ್ಲೇ ಉತ್ಸಾಹ ಇಳಿದುಹೋಗುತ್ತದೆ. ಮೊದಲು ಐದಾರು ಜನ ತಿಂಗಳಿಗೊಮ್ಮೆ ಕೂಡಿ. ಪ್ರತಿ ಸಲ ಒಬ್ಬರು ತಾವು ಬರೆದ ಎರಡು ಪುಟ ತರಲಿ. ಉಳಿದವರು ಅಲ್ಲೇ ಓದಲಿ, ಪೆನ್ಸಿಲ್ ಹಿಡಿದು. ಬರೆದವರು ಮೊದಲ ಅರ್ಧ ಗಂಟೆ ಬಾಯಿ ಬಿಡಬಾರದು, ಯಾಕೆಂದರೆ ಮ್ಯಾನುಯಲ್ ಓದುವವರ ಪಕ್ಕದಲ್ಲಿ ನಿಂತು ವಿವರಿಸಲು ರೈಟರ್ ಇರುವುದಿಲ್ಲ. ಓದಿದವರು ಎಲ್ಲಿ ನಿಂತರು, ಎಲ್ಲಿ ಹಿಂದಕ್ಕೆ ಹೋಗಿ ಮತ್ತೆ ಓದಿದರು ಅನ್ನುವುದನ್ನು ಗುರುತು ಮಾಡಿ. ಒಂದು ವರ್ಷ ಇದು ನಿಲ್ಲದೆ ನಡೆದರೆ, ಲೆಕ್ಕ ಬರೆಯಲು ಒಪ್ಪುವ ಒಬ್ಬರು ಸಿಕ್ಕಿದರೆ, ಆಗ ನೋಂದಣಿಗೆ ಹೋಗಿ. ಅಲ್ಲಿಯವರೆಗೆ ಒಂದು ವಾಟ್ಸ್‌ಆ್ಯಪ್ ಗುಂಪು, ಕೂರಲು ಒಂದು ಜಾಗ ಇದ್ದರೆ ಆಯಿತು. ಹತ್ತಿರದ ಗ್ರಂಥಾಲಯದಲ್ಲೋ ಕಾಲೇಜಿನಲ್ಲೋ ಕೇಳಿ ನೋಡಿ, ಭಾನುವಾರ ಬೆಳಗ್ಗೆ ಕೋಣೆ ಖಾಲಿ ಇದ್ದರೆ ಕೊಡುತ್ತಾರೆ.